ತಂದೆತಾಯಿಯಾಗುವ ಹೊಸ್ತಿಲಲ್ಲಿ ದಾಂಪತ್ಯ ನಿಷ್ಠೆ

ವಿವಾಹ ಸಂಸ್ಕಾರವನ್ನು ಕುರಿತ ನಮ್ಮ ದೈವಶಾಸ್ತ್ರದ ಪಾಠಗಳಲ್ಲಿ ನಿಷ್ಠೆ ಮತ್ತು ಸಂತಾನ ಎಂಬ ಎರಡು ವಿಷಯಗಳು ಸಾಮಾನ್ಯವಾಗಿ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ನಿಷ್ಠೆಯನ್ನು ವಿವಾಹದ ಏಕತೆಯ ಜೊತೆಗೆ ಬೋಧಿಸುತ್ತೇವೆ, ಸಂತಾನವನ್ನು ಜವಾಬ್ದಾರಿಯುತ ಪೋಷಕತ್ವದ ಜೊತೆಗೆ. ಪರೀಕ್ಷೆಯಲ್ಲಿ ಎರಡಕ್ಕೂ ಪ್ರತ್ಯೇಕ ಪ್ರಶ್ನೆಗಳಿರುತ್ತವೆ. ಆದರೆ ಧರ್ಮಕೇಂದ್ರದ ಕಚೇರಿಗೆ ಬರುವ ಯುವ ದಂಪತಿಗಳ ಬದುಕಿನಲ್ಲಿ ಇವೆರಡೂ ಒಟ್ಟಿಗೇ ಬರುತ್ತವೆ. ಮದುವೆಯಾಗಿ ಎರಡು ಮೂರು ವರ್ಷ ನೆಮ್ಮದಿಯಿಂದಿದ್ದ ಗಂಡನು ಹೆಂಡತಿ ಗರ್ಭಿಣಿಯೆಂದು ತಿಳಿದ ತಿಂಗಳುಗಳಲ್ಲೇ ಬೇರೊಬ್ಬಳ ಕಡೆಗೆ ವಾಲುವುದು, ಮಗು ಬೇಕೆಂದು ಮನೆಯವರು ಒತ್ತಾಯಿಸತೊಡಗಿದೊಡನೆ ಹೆಂಡತಿಯು ಹಳೆಯ ಸ್ನೇಹವೊಂದನ್ನು ಫೋನಿನಲ್ಲಿ ಮತ್ತೆ ಆರಂಭಿಸುವುದು, ನಿಶ್ಚಿತಾರ್ಥವಾದ ಯುವಕನು ಮದುವೆಯ ದಿನಾಂಕವನ್ನು ಮೂರನೆಯ ಬಾರಿ ಮುಂದೂಡುವುದು, ಇವು ಕುಟುಂಬಗಳ ಸೇವೆಯಲ್ಲಿ ತೊಡಗಿರುವ ಯಾವ ಗುರುವಿಗೂ ಹೊಸವಲ್ಲ. ಪಾಪನಿವೇದನೆಯ ಪೀಠದಲ್ಲಿ ಕೇಳಿದ್ದನ್ನು ನಾನಿಲ್ಲಿ ಬರೆಯುತ್ತಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ವಿವಾಹಪೂರ್ವ ತರಬೇತಿಗಳಲ್ಲಿ ಯುವಜನರು ಬಹಿರಂಗವಾಗಿಯೇ ಆಡುವ ಮಾತುಗಳು ಈ ವಿಚಾರಕ್ಕೆ ಸಾಕಾಗುತ್ತವೆ.

ಬದ್ಧತೆಯ ಭಯವು ಒಂದು ಮಾನಸಿಕ ದೌರ್ಬಲ್ಯ, ದಾಂಪತ್ಯದ್ರೋಹವು ಒಂದು ಪಾಪ, ಮೊದಲನೆಯದನ್ನು ಆಪ್ತಸಲಹೆಗಾರರು ನೋಡಿಕೊಳ್ಳಲಿ, ಎರಡನೆಯದನ್ನು ನಾವು ನೋಡಿಕೊಳ್ಳೋಣ ಎಂಬ ವಿಭಜನೆ ನಮ್ಮಲ್ಲಿ ಸದ್ದಿಲ್ಲದೆ ರೂಢಿಗೆ ಬಂದಿದೆ. ಈ ವಿಭಜನೆ ಸರಿಯಲ್ಲವೆಂಬುದೇ ಈ ಲೇಖನದ ವಾದ. ತನ್ನನ್ನು ತಾತ್ಕಾಲಿಕವಾಗಿ ಮಾತ್ರ ಕೊಟ್ಟುಕೊಳ್ಳುವುದೇ ನಿಷ್ಠಾಭಂಗದ ಮೊದಲ ರೂಪ. ಮೂರನೆಯ ವ್ಯಕ್ತಿಯೊಬ್ಬರು ಕಾಣಿಸಿಕೊಳ್ಳುವುದಕ್ಕೆ ಬಹಳ ಮುಂಚೆಯೇ ಅದು ಆರಂಭವಾಗಿರುತ್ತದೆ. ಗಂಡಹೆಂಡಿರು ಇಬ್ಬರೇ ಇರುವ ತನಕ ಆ ತಾತ್ಕಾಲಿಕತೆಯನ್ನು ಹೇಗೋ ಸಾಗಿಸಿಕೊಂಡು ಹೋಗಬಹುದು. ಮಗುವಿನ ಮುಂದೆ ಮಾತ್ರ ಅದು ನಡೆಯದು. ಏಕೆಂದರೆ ಯಾರೂ ಸ್ವಲ್ಪ ಕಾಲದ ಮಟ್ಟಿಗೆ ತಂದೆಯಾಗಲಾರರು. ಹೀಗಾಗಿ ಅಷ್ಟುಕಾಲ ಅಡಗಿದ್ದದ್ದು ಗರ್ಭಧಾರಣೆಯ ಸುದ್ದಿಯೊಡನೆ ಬಯಲಿಗೆ ಬರುತ್ತದೆ. ಇದು ಹೊಸ ಕಲ್ಪನೆಯೇನಲ್ಲ. ಸಂತ ಅಗಸ್ಟೀನರು ಇದನ್ನು ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಬರೆದಿದ್ದಾರೆ, ಅದೂ ತಮ್ಮದೇ ಬದುಕಿನ ಬೆಲೆ ತೆತ್ತು.

ಅಗಸ್ಟೀನರು ಮತ್ತು ಹೆಸರಿಲ್ಲದ ಸಂಗಾತಿ

ಅಗಸ್ಟೀನರು ಜನಿಸಿದ್ದು 354ರಲ್ಲಿ, ಉತ್ತರ ಆಫ್ರಿಕದ ತಗಸ್ತೆಯಲ್ಲಿ. ವಿದ್ಯಾಭ್ಯಾಸಕ್ಕಾಗಿ ಕಾರ್ಥೇಜ್ ನಗರಕ್ಕೆ ಹೋದ ಹೊಸದರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಒಬ್ಬ ಹೆಣ್ಣಿನೊಡನೆ ಮದುವೆಯಿಲ್ಲದೆ ಸಂಸಾರ ಹೂಡಿದರು. ಸುಮಾರು 372ರಲ್ಲಿ ಅವರಿಗೆ ಒಬ್ಬ ಮಗ ಹುಟ್ಟಿದ. ಅವನಿಗೆ ಇಟ್ಟ ಹೆಸರು ಅದೆಯೊದಾತುಸ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ದೇವದತ್ತ. ಆ ಹೆಣ್ಣಿನ ಹೆಸರನ್ನು ಮಾತ್ರ ಅವರು ಎಲ್ಲಿಯೂ ಬರೆಯಲಿಲ್ಲ. ಆಕೆಯೊಡನೆ ಕಳೆದ ಕಾಲ ಹದಿನಾಲ್ಕು ಹದಿನೈದು ವರ್ಷಗಳಷ್ಟು. ಇಂದಿನ ಎಷ್ಟೋ ಮದುವೆಗಳಿಗಿಂತ ಅದು ದೀರ್ಘವಾದದ್ದೇ.

ನಮ್ಮ ವಿದ್ಯಾರ್ಥಿಗಳು ಈ ಘಟ್ಟವನ್ನು ‘ಅಗಸ್ಟೀನರ ದುರ್ಮಾರ್ಗದ ವರ್ಷಗಳು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದುಂಟು. ‘ಕನ್ಫೆಶನ್ಸ್’ ಗ್ರಂಥದ ನಾಲ್ಕನೆಯ ಭಾಗವನ್ನು ನಿಧಾನವಾಗಿ ಓದಿದರೆ ಚಿತ್ರ ಬೇರೆಯಾಗಿದೆ. ಆ ವರ್ಷಗಳಲ್ಲಿ ತಾನು ಆಕೆಯೊಬ್ಬಳಿಗೇ ದೈಹಿಕವಾಗಿ ನಿಷ್ಠನಾಗಿದ್ದೆನೆಂದು ಅವರು ಸ್ಪಷ್ಟವಾಗಿ ಹೇಳುತ್ತಾರೆ. ಅದೇ ಜಾಗದಲ್ಲಿ ಮತ್ತೊಂದನ್ನೂ ಹೇಳುತ್ತಾರೆ. ಮಕ್ಕಳಿಗಾಗಿ ಮಾಡಿಕೊಳ್ಳುವ ವಿವಾಹದ ಒಡಂಬಡಿಕೆಗೂ ಕಾಮದ ಒಪ್ಪಂದಕ್ಕೂ ಇರುವ ಅಂತರವನ್ನು ತಾನು ಸ್ವಂತ ಅನುಭವದಿಂದ ಕಲಿತೆನೆಂದೂ, ಎರಡನೆಯದರಲ್ಲಿ ಮಗು ಬೇಡವೆಂದರೂ ಹುಟ್ಟುತ್ತದೆ, ಹುಟ್ಟಿದ ಮೇಲೆ ಪ್ರೀತಿಸುವಂತೆ ನಮ್ಮನ್ನು ಒತ್ತಾಯಿಸುತ್ತದೆ ಎಂದೂ ಬರೆಯುತ್ತಾರೆ. ಇಲ್ಲಿ ವ್ಯಭಿಚಾರವಿಲ್ಲ, ಮೋಸವಿಲ್ಲ. ಆದರೂ ಏನೋ ಒಂದು ಕೊರತೆಯಿದೆ. ಆ ಕೊರತೆಯನ್ನು ಆತನಿಗೆ ಮೊದಲು ತೋರಿಸಿಕೊಟ್ಟದ್ದು ಆ ಬೇಡದ ಮಗುವೇ.

ಮುಂದಿನ ಕಥೆ ಆರನೆಯ ಭಾಗದಲ್ಲಿದೆ. 384ರಲ್ಲಿ ಮಿಲಾನಿಗೆ ಬಂದ ಅಗಸ್ಟೀನರ ಮುಂದೆ ಉನ್ನತ ಪದವಿಯ ಆಸೆ ಇತ್ತು. ಅದಕ್ಕೆ ಹಣವುಳ್ಳ ಕುಟುಂಬದ ಹೆಣ್ಣು ಬೇಕಾಗಿತ್ತು. ತಾಯಿ ಮೋನಿಕಾ ಸಂಬಂಧವೊಂದನ್ನು ಗೊತ್ತುಮಾಡಿದರು. ಹುಡುಗಿಗೆ ಮದುವೆಯ ವಯಸ್ಸಾಗಲು ಇನ್ನೂ ಸುಮಾರು ಎರಡು ವರ್ಷ ಬಾಕಿಯಿತ್ತು. ಈ ಮದುವೆಗೆ ಅಡ್ಡಿಯಾಗಿದ್ದಾಳೆಂದು ಹಳೆಯ ಸಂಗಾತಿಯನ್ನು ಆಫ್ರಿಕಕ್ಕೆ ಕಳುಹಿಸಿಬಿಟ್ಟರು. ಇನ್ನು ಬೇರೆ ಪುರುಷನನ್ನು ಅರಿಯೆನೆಂದು ದೇವರಿಗೆ ಹರಕೆ ಹೊತ್ತು ಆಕೆ ಹೊರಟಳು, ಮಗನನ್ನು ತಂದೆಯ ಬಳಿ ಬಿಟ್ಟು. ಅಗಸ್ಟೀನರಿಗೆ ಎರಡು ವರ್ಷ ಕಾಯುವುದಾಗಲಿಲ್ಲ. ಮತ್ತೊಬ್ಬಳನ್ನು ಇರಿಸಿಕೊಂಡರು. ನಿಶ್ಚಯವಾದ ಹೆಣ್ಣಿಗೂ, ಬಿಟ್ಟುಬಂದ ಹೆಣ್ಣಿಗೂ ಒಂದೇ ಏಟಿಗೆ ಆದ ದ್ರೋಹವಿದು. ಅದನ್ನು ಮುಚ್ಚಿಡದೆ ಬರೆದವರು ಸ್ವತಃ ಅವರೇ.

ಸುಮಾರು 401ರಲ್ಲಿ, ಧರ್ಮಾಧ್ಯಕ್ಷರಾಗಿದ್ದಾಗ, ಅವರು ‘ವಿವಾಹದ ಒಳಿತು’ ಎಂಬ ಪ್ರಬಂಧವನ್ನು ರಚಿಸಿದರು. ಸಂತಾನ, ನಿಷ್ಠೆ, ಸಂಸ್ಕಾರಬಂಧ ಎಂಬ ಮೂರು ಒಳಿತುಗಳ ಬೋಧನೆ ನಮಗೆ ದೊರೆತದ್ದು ಇಲ್ಲಿಂದ. ಅದರ ಐದನೆಯ ಅಧ್ಯಾಯವನ್ನು ತರಗತಿಗಳಲ್ಲಿ ಅಷ್ಟಾಗಿ ಓದಿಸುವುದಿಲ್ಲ, ಓದಿಸಬೇಕು. ಮದುವೆಯಾಗದ ಗಂಡುಹೆಣ್ಣು ಒಟ್ಟಿಗೆ ಬಾಳಿದರೆ ಅದನ್ನು ವಿವಾಹವೆನ್ನಬಹುದೇ ಎಂದು ಅವರು ಅಲ್ಲಿ ಕೇಳುತ್ತಾರೆ. ಸಾಯುವ ತನಕ ಒಬ್ಬರನ್ನೊಬ್ಬರು ಬಿಡಬಾರದೆಂಬ ನಿಶ್ಚಯವಿದ್ದು, ಹುಟ್ಟುವ ಮಕ್ಕಳನ್ನು ದುಷ್ಟ ಉಪಾಯದಿಂದ ತಡೆಯದಿದ್ದರೆ ಹಾಗೆ ಕರೆಯುವುದು ಅಸಂಗತವಾಗಲಾರದು ಎಂಬುದು ಅವರ ಉತ್ತರ. ಇಲ್ಲಿ ಅವರು ಸಂಬಂಧವನ್ನು ಅಳೆಯುವ ಎರಡು ಗುರುತುಗಳನ್ನು ಗಮನಿಸಿರಿ. ಒಂದು ಶಾಶ್ವತತೆ, ಇನ್ನೊಂದು ಮಗುವಿಗೆ ತೆರೆದ ಬಾಗಿಲು. ಅನಂತರ ಬರುವುದು ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಮಾತು. ತನ್ನ ಅಂತಸ್ತಿಗೆ ತಕ್ಕ ಮತ್ತೊಬ್ಬಳು ಸಿಗುವ ತನಕ ಎಂದುಕೊಂಡು ಒಬ್ಬಳ ಜೊತೆ ಬಾಳುವವನು ಮನಸ್ಸಿನಲ್ಲಿ ವ್ಯಭಿಚಾರಿ. ಯಾರ ವಿಷಯದಲ್ಲಿ? ಮುಂದೆ ಸಿಗಬಹುದಾದವಳ ವಿಷಯದಲ್ಲಲ್ಲ, ಈಗ ಯಾರೊಡನೆ ಬಾಳುತ್ತಿದ್ದಾನೋ ಅವಳ ವಿಷಯದಲ್ಲಿಯೇ. ಆ ಹೆಣ್ಣು ಮಾತ್ರ ಆತನಿಗೆ ನಿಷ್ಠಳಾಗಿದ್ದು, ಆತ ಬಿಟ್ಟುಹೋದ ಮೇಲೂ ಬೇರೆ ಮದುವೆಯ ಯೋಚನೆ ಮಾಡದಿದ್ದರೆ, ಅವಳನ್ನು ವ್ಯಭಿಚಾರಿಣಿಯೆಂದು ಕರೆಯಲು ತನಗೆ ಸುಲಭವಾಗಿ ಮನಸ್ಸಾಗದೆಂದೂ, ಅಂಥವಳು ಮಕ್ಕಳನ್ನು ಬಯಸಿದ್ದರೆ ಎಷ್ಟೋ ಗೃಹಿಣಿಯರಿಗಿಂತ ಮೇಲೆಂದೂ ಅಗಸ್ಟೀನರು ಸೇರಿಸುತ್ತಾರೆ. ಯಾರನ್ನು ನೆನೆದು ಇದನ್ನು ಬರೆದರೆಂದು ವಿದ್ವಾಂಸರು ಅನೇಕರು ಊಹಿಸಿದ್ದಾರೆ. ನನಗೂ ಅದೇ ಊಹೆ ಸರಿಯೆನಿಸುತ್ತದೆ.

ಇದನ್ನು ನಮ್ಮ ಯುವಜನರ ಭಾಷೆಗೆ ತರುವುದು ಕಷ್ಟವಲ್ಲ. ‘ನೋಡೋಣ ಫಾದರ್, ಹೊಂದಿಕೆಯಾದರೆ ಮುಂದುವರಿಯೋಣ’ ಎಂಬ ಮಾತು ಮದುವೆಗೆ ಮೊದಲು ಮಾತ್ರವಲ್ಲ, ಮದುವೆಯಾದ ಮೇಲೂ ಕೇಳಿಬರುತ್ತದೆ. ‘ಮಗು ಈಗ ಬೇಡ’ ಎಂಬುದರ ಹಿಂದೆ ಮನೆಸಾಲವಿರಬಹುದು, ಬೆಂಗಳೂರಿನ ಶಾಲಾ ಶುಲ್ಕವಿರಬಹುದು, ರಾತ್ರಿಪಾಳಿಯ ಕೆಲಸವಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆಯ ದರ ಒಬ್ಬ ಮಹಿಳೆಗೆ 1.7 ಮಕ್ಕಳು. ಇದನ್ನೆಲ್ಲ ಬದ್ಧತೆಯ ಭಯವೆಂದು ಬಣ್ಣಿಸುವುದು ಅನ್ಯಾಯ. ಆದರೆ ಕೆಲವೊಮ್ಮೆ ಆ ಮಾತಿನ ಹಿಂದೆ ಇನ್ನೊಂದು ಮಾತು ಅಡಗಿರುತ್ತದೆ: ಮಗು ಬಂದರೆ ಇವಳಿಂದ ಅಥವಾ ಇವನಿಂದ ಬಿಡಿಸಿಕೊಂಡು ಹೋಗುವ ದಾರಿ ಮುಚ್ಚಿಹೋಗುತ್ತದೆ. ಗುರುವಾದವನು ಕಿವಿಗೊಡಬೇಕಾದದ್ದು ಈ ಎರಡನೆಯ ಮಾತಿಗೆ. ಜಗದ್ಗುರು ಫ್ರಾನ್ಸಿಸರು 2016ರ ‘ಅಮೋರಿಸ್ ಲೆತಿತ್ಸಿಯ’ ಪ್ರೇಷಿತ ಪ್ರಬೋಧನೆಯ 39ನೆಯ ಪರಿಚ್ಛೇದದಲ್ಲಿ, ಸಾಮಾಜಿಕ ಜಾಲತಾಣದಲ್ಲಿ ಬೇಕೆಂದಾಗ ಸೇರಿ ಬೇಡವೆಂದಾಗ ಕಳಚಿಕೊಳ್ಳುವಂತೆ ಪ್ರೀತಿಯನ್ನೂ ನಡೆಸಿಕೊಳ್ಳುವ ಮನೋಭಾವವನ್ನು ಗುರುತಿಸಿದ್ದಾರೆ. ಜಾಲತಾಣ ಹೊಸದು, ಮನೋಭಾವ ಮಿಲಾನಿನಷ್ಟು ಹಳೆಯದು.

ಭಯವೆಂದರೆ ಏನು?

ಕಟ್ಟುಬಿದ್ದರೆ ಸ್ವಾತಂತ್ರ್ಯ ಹೋಗುತ್ತದೆಂಬುದೇ ಈ ಭಯದ ತಿರುಳು. ಇದಕ್ಕೆ ಸಂತ ಥಾಮಸ್ ಅಕ್ವಿನಾಸರ ಉತ್ತರ ಹರಕೆಗಳನ್ನು ಕುರಿತ ವಿಚಾರದಲ್ಲಿದೆ, ‘ಸುಮ್ಮಾ’ದ ದ್ವಿತೀಯ ಭಾಗದ ದ್ವಿತೀಯ ಖಂಡದ 88ನೆಯ ಪ್ರಶ್ನೆಯಲ್ಲಿ. ಒಳಿತಿನಲ್ಲಿ ನೆಲೆಗೊಂಡ ಮನಸ್ಸಿನ ದೃಢತೆ ಸ್ವಾತಂತ್ರ್ಯವನ್ನು ಕುಗ್ಗಿಸದು, ದೇವರು ಮತ್ತು ಸ್ವರ್ಗವಾಸಿಗಳು ಪಾಪ ಮಾಡಲಾರರೆಂಬ ಕಾರಣಕ್ಕೆ ಅವರ ಸ್ವಾತಂತ್ರ್ಯ ಕಡಿಮೆಯಾಗದಷ್ಟೆ, ಎಂದು ಅವರು ವಾದಿಸುತ್ತಾರೆ. ಅಲ್ಲಿಯೇ ಸಂತ ಆನ್ಸೆಲ್ಮರ ಹೆಸರಿನಲ್ಲಿ ಒಂದು ಹೋಲಿಕೆಯನ್ನೂ ಕೊಡುತ್ತಾರೆ. ಹಣ್ಣನ್ನು ಮಾತ್ರ ಕೊಡುವವನಿಗಿಂತ ಹಣ್ಣುಸಹಿತ ಮರವನ್ನೇ ಕೊಡುವವನು ಹೆಚ್ಚನ್ನು ಕೊಡುತ್ತಾನೆ. ವಿವಾಹಪೂರ್ವ ತರಬೇತಿಯಲ್ಲಿ ನಾನು ಈ ಹೋಲಿಕೆಯನ್ನು ಬಳಸುತ್ತೇನೆ. ಹಲಸಿನ ಮರವಿರುವ ಮನೆಯಿಂದ ಬಂದವರಿಗೆ ಅದನ್ನು ವಿವರಿಸಬೇಕಾಗುವುದೇ ಇಲ್ಲ. ವರ್ಷವರ್ಷವೂ ಹಣ್ಣು ಕಳುಹಿಸಿಕೊಡುವ ನೆರೆಯವರು ಒಳ್ಳೆಯವರೇ, ಆದರೆ ಮರ ಅವರದ್ದಾಗಿಯೇ ಉಳಿಯುತ್ತದೆ. ಉಡುಗೊರೆ, ಪ್ರವಾಸ, ಅಕ್ಕರೆಯ ಮಾತು ಎಲ್ಲವನ್ನೂ ಧಾರಾಳವಾಗಿ ಕೊಟ್ಟು, ನಾಳೆಯನ್ನು ಮಾತ್ರ ತನ್ನ ಹಿತ್ತಿಲಲ್ಲಿಯೇ ಇಟ್ಟುಕೊಂಡಿರುವ ಗಂಡಂದಿರೂ ಹೆಂಡಂದಿರೂ ನಮ್ಮಲ್ಲಿದ್ದಾರೆ.

ಧರ್ಮಸಭೆಯ ಕಾನೂನು ಸಂಹಿತೆಯನ್ನು ಈ ಸಂದರ್ಭದಲ್ಲಿ ಎಚ್ಚರದಿಂದ ಬಳಸಬೇಕು. 1103ನೆಯ ವಿಧಿಯಲ್ಲಿ ವಿವಾಹವನ್ನು ಅಸಿಂಧುಗೊಳಿಸುವ ಭಯದ ಪ್ರಸ್ತಾಪವಿದೆ. ಆದರೆ ಅದು ಹೊರಗಿನಿಂದ ಬರುವ ಗಂಭೀರ ಭಯ, ಮದುವೆಯಾಗದೆ ಬೇರೆ ದಾರಿಯೇ ಇಲ್ಲವೆನಿಸುವಂಥದು. ಬದ್ಧತೆಗೆ ಅಂಜುವವನ ಭಯ ಒಳಗಿನದು, ಅದು ಈ ವಿಧಿಯ ವ್ಯಾಪ್ತಿಗೆ ಬರುವುದಿಲ್ಲ. 1101ನೆಯ ವಿಧಿಯ ಎರಡನೆಯ ಖಂಡ ಹೇಳುವುದೂ ಬೇರೆಯೇ: ಬಾಯಲ್ಲಿ ಒಪ್ಪಿಗೆ ಕೊಟ್ಟು, ಮನಸ್ಸಿನಲ್ಲಿ ವಿವಾಹವನ್ನೋ ಅದರ ಸಾರಭೂತ ಅಂಶವನ್ನೋ ಗುಣವನ್ನೋ ಸಂಕಲ್ಪಪೂರ್ವಕವಾಗಿ ಹೊರಗಿಟ್ಟರೆ ಸಮ್ಮತಿ ಅಸಿಂಧು. ಅಂಜುವುದು ಬೇರೆ, ಹೊರಗಿಡುವುದು ಬೇರೆ. ಮಗುವನ್ನು ಕೆಲವು ಕಾಲ ಮುಂದೂಡುವುದೂ ಹೊರಗಿಡುವುದೂ ಒಂದೇ ಅಲ್ಲ. ಜಗದ್ಗುರು ಹನ್ನೆರಡನೆಯ ಪಿಯುಸರು 1951ರ ಅಕ್ಟೋಬರಿನಲ್ಲಿ ಇಟಲಿಯ ಸೂಲಗಿತ್ತಿಯರಿಗೆ ನೀಡಿದ ಉಪದೇಶದಲ್ಲಿ ಹಕ್ಕನ್ನೇ ಮಿತಗೊಳಿಸುವುದಕ್ಕೂ ಹಕ್ಕಿನ ಬಳಕೆಯನ್ನು ಮಿತಗೊಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಿದ್ದಾರೆ. 1095ನೆಯ ವಿಧಿಯ ಅಸಾಮರ್ಥ್ಯದ ವಿಷಯಕ್ಕೆ ಬಂದರೆ, ಕಷ್ಟವನ್ನು ಅಸಾಮರ್ಥ್ಯವೆಂದು ತಿಳಿಯಬಾರದೆಂದು ಜಗದ್ಗುರು ಎರಡನೆಯ ಜಾನ್ ಪಾಲರು 1987ರಲ್ಲಿ ರೋಟಾ ನ್ಯಾಯಪೀಠಕ್ಕೆ ಎಚ್ಚರಿಸಿದ್ದರು. ಗಂಡ ದಾರಿ ತಪ್ಪಿದನೆಂದು ಕಣ್ಣೀರಿಡುತ್ತ ಬಂದವಳಿಗೆ ಮೊದಲ ಭೇಟಿಯಲ್ಲಿಯೇ ‘ಅಸಿಂಧು ಅರ್ಜಿ ಹಾಕಿ’ ಎನ್ನುವ ಅವಸರವನ್ನು ಕೆಲವರಲ್ಲಿ ಕಾಣುತ್ತೇವೆ. ಅದು ಕರುಣೆಯಂತೆ ಕಂಡರೂ ಕರುಣೆಯಲ್ಲ.

ಜೋಸೆಫರ ಅಂಜಿಕೆ

ತಂದೆಯಾಗುವ ಹೊಸ್ತಿಲಲ್ಲಿ ನಿಂತು ಅಂಜಿದ ಯುವಕನೊಬ್ಬನ ಚಿತ್ರ ಶುಭಸಂದೇಶದ ಆರಂಭದಲ್ಲಿಯೇ ಇದೆ. ಮತ್ತಾಯನ ಮೊದಲನೆಯ ಅಧ್ಯಾಯದ ಕೊನೆಯ ಭಾಗವನ್ನು ನಾವು ಕ್ರಿಸ್ತಜಯಂತಿಯ ಸಮಯದಲ್ಲಿ ಓದಿ ಬಿಟ್ಟುಬಿಡುತ್ತೇವೆ. ಯೆಹೂದ್ಯರ ರೂಢಿಯಲ್ಲಿ ನಿಶ್ಚಿತಾರ್ಥವು ನಮ್ಮ ನಿಶ್ಚಿತಾರ್ಥದಂತಲ್ಲ, ಅದು ಕಾನೂನಿನ ಬಂಧನ. ಅದನ್ನು ಮುರಿಯಲು ವಿಚ್ಛೇದನ ಪತ್ರವೇ ಬೇಕಿತ್ತು. ಒಟ್ಟಿಗೆ ವಾಸಿಸುವುದು ಮಾತ್ರ ಅನಂತರದ ಹಂತ. ಆ ನಡುವಿನ ಅವಧಿಯಲ್ಲಿ ಮರಿಯಳು ಗರ್ಭವತಿಯಾಗಿರುವುದು ತಿಳಿದುಬಂತು. ಜೋಸೆಫರು ಗುಟ್ಟಾಗಿ ಸಂಬಂಧವನ್ನು ಬಿಡಲು ಏಕೆ ಯೋಚಿಸಿದರೆಂಬುದಕ್ಕೆ ಪಿತೃಗಳಲ್ಲಿ ಒಮ್ಮತವಿಲ್ಲ. ಸಂತ ಜಸ್ಟಿನರೂ ಸಂತ ಅಗಸ್ಟೀನರೂ ಅವರಿಗೆ ಸಂದೇಹ ಬಂದಿತೆಂದೇ ಹೇಳುತ್ತಾರೆ. ಆಕೆಯ ಶುದ್ಧತೆಯನ್ನು ಬಲ್ಲ ಜೋಸೆಫರು ತಮಗೆ ಅರ್ಥವಾಗದ ರಹಸ್ಯದ ಮುಂದೆ ಮೌನ ತಾಳಿದರೆಂಬುದು ಸಂತ ಜೆರೋಮರ ನಿಲುವು. ಸಂತ ಬರ್ನಾರ್ಡರು ಇನ್ನೂ ಮುಂದೆ ಹೋಗಿ, ದೇವಕಾರ್ಯದ ಮುಂದೆ ತಾನು ಅಯೋಗ್ಯನೆಂಬ ಭಕ್ತಿಭಯದಿಂದ ಹಿಂದೆ ಸರಿದರೆಂದು ವ್ಯಾಖ್ಯಾನಿಸುತ್ತಾರೆ. ಮೂರರಲ್ಲಿ ಯಾವುದನ್ನೊಪ್ಪಿದರೂ ಒಂದು ಸಂಗತಿ ಉಳಿಯುತ್ತದೆ: ಶುಭಸಂದೇಶಕಾರನು ನೀತಿವಂತನೆಂದು ಕರೆಯುವ ಮನುಷ್ಯನೇ ಹಿಂದೆ ಸರಿಯಲು ನಿಶ್ಚಯಿಸಿದ್ದನು, ಅದಕ್ಕೆ ಗೌರವಯುತವಾದ ಕಾರಣವನ್ನೂ ಕಂಡುಕೊಂಡಿದ್ದನು.

ಜೋಸೆಫರು ಅಂಜಿದ್ದರೆಂದು ನಮಗೆ ತಿಳಿಯುವುದು ದೇವದೂತನ ಬಾಯಿಂದ. ತಾವಾಗಿ ಅವರು ಅದನ್ನು ಯಾರಿಗೂ ಹೇಳಿದಂತಿಲ್ಲ. ದೂತನು ಮೊದಲು ಆ ಭಯವನ್ನು ಹೆಸರಿಟ್ಟು ಕರೆಯುತ್ತಾನೆ, ಅನಂತರ ಮಗು ಪವಿತ್ರಾತ್ಮರಿಂದ ಬಂದದ್ದೆಂದು ತಿಳಿಸುತ್ತಾನೆ, ಆಮೇಲೆ ಒಂದು ಕೆಲಸವನ್ನು ಒಪ್ಪಿಸುತ್ತಾನೆ. ಮಗುವಿಗೆ ಹೆಸರಿಡಬೇಕು. ಹೆಸರಿಡುವುದೆಂದರೆ ಆ ಸಮಾಜದಲ್ಲಿ ತಂದೆಯ ಸ್ಥಾನವನ್ನು ಬಹಿರಂಗವಾಗಿ ವಹಿಸಿಕೊಳ್ಳುವುದು. ಮುಂದೆ ಎಲ್ಲವೂ ಸುಗಮವಾಗುವುದೆಂಬ ಭರವಸೆ ಅಲ್ಲಿಲ್ಲ. ಬೆತ್ಲೆಹೇಮ್, ಹೆರೋದ, ಈಜಿಪ್ಟ್, ಇವಾವುದರ ಸುಳಿವನ್ನೂ ದೂತನು ಕೊಡುವುದಿಲ್ಲ. ನಿದ್ರೆಯಿಂದೆದ್ದ ಜೋಸೆಫರು ಆಕೆಯನ್ನು ಮನೆಗೆ ಕರೆತಂದರೆಂದಷ್ಟೇ ಮತ್ತಾಯನು ಬರೆಯುತ್ತಾನೆ. ಅಂಜುವ ಯುವಕನಿಗೆ ನಾವು ಸಾಮಾನ್ಯವಾಗಿ ವಾದಗಳನ್ನು ಕೊಡುತ್ತೇವೆ, ಇಲ್ಲವೇ ‘ಎಲ್ಲ ಸರಿಹೋಗುತ್ತದೆ’ ಎನ್ನುತ್ತೇವೆ. ಆತನಿಗೆ ಬೇಕಾಗಿರುವುದು ತನ್ನ ಭಯವನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವ ಒಂದು ಜಾಗ, ಮತ್ತು ಮಗುವಿಗಾಗಿ ಈ ವಾರವೇ ಮಾಡಬಹುದಾದ ಒಂದು ಕೆಲಸ.

ಸಹೋದರ ಗುರುವಿದ್ಯಾರ್ಥಿಗಳು ಇದನ್ನು ಸಂಸಾರಸ್ಥರ ಸಮಸ್ಯೆಯೆಂದು ದೂರದಿಂದ ನೋಡದಿರಲಿ. ಸೇವಾದರ್ಶಿ ದೀಕ್ಷೆಗೆ ಮೊದಲು 1036ನೆಯ ವಿಧಿಯಂತೆ ನೀವು ಸ್ವಹಸ್ತದಿಂದ ಬರೆದು ಸಹಿ ಮಾಡಬೇಕಾದ ಪತ್ರದಲ್ಲಿ ‘ಸ್ವಇಚ್ಛೆಯಿಂದ’ ಮತ್ತು ‘ಶಾಶ್ವತವಾಗಿ’ ಎಂಬ ಎರಡೂ ಭಾವಗಳಿವೆ. ಆ ರಾತ್ರಿ ನಿದ್ರೆ ಬಾರದಿದ್ದವರಿಗೆ ಈ ಯುವಕರ ಮನಸ್ಸು ಅರ್ಥವಾಗುತ್ತದೆ.

ಗರ್ಭಧಾರಣೆಯ ತಿಂಗಳುಗಳು ಮತ್ತು ತವರು

ಎರಡನೆಯ ವ್ಯಾಟಿಕನ್ ಮಹಾಸಭೆಯ ‘ಗೌದಿಯುಮ್ ಎತ್ ಸ್ಪೆಸ್’ ಸಂವಿಧಾನದ 51ನೆಯ ಪರಿಚ್ಛೇದ ಒಂದು ವ್ಯಾವಹಾರಿಕ ಸತ್ಯವನ್ನು ಒಪ್ಪಿಕೊಳ್ಳುತ್ತದೆ. ದಂಪತಿಗಳ ಆಪ್ತ ಸಹಜೀವನಕ್ಕೆ ತಡೆ ಬಿದ್ದಾಗ ನಿಷ್ಠೆ ಅಪಾಯಕ್ಕೊಳಗಾಗುವುದು ಅಪರೂಪವಲ್ಲ, ಮಕ್ಕಳ ಪಾಲನೆಗೂ ಹೊಸ ಮಕ್ಕಳನ್ನು ಸ್ವೀಕರಿಸುವ ಧೈರ್ಯಕ್ಕೂ ಅದರಿಂದ ಕುಂದು ಬರಬಹುದು ಎಂಬುದು ಅದರ ತಾತ್ಪರ್ಯ. ಸಂತಾನ ನಿಯಂತ್ರಣದ ಪ್ರಶ್ನೆಯನ್ನು ಚರ್ಚಿಸುವಾಗ ಬಂದ ಮಾತಾದರೂ ಅದು ನಮ್ಮ ನಾಡಿನ ಒಂದು ಪದ್ಧತಿಗೆ ಚೆನ್ನಾಗಿ ಅನ್ವಯಿಸುತ್ತದೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಕ್ರೈಸ್ತ ಮನೆಗಳಲ್ಲೂ ಉಳಿದಿರುವ ರೂಢಿ. ಸೀಮಂತವಾದ ಮೇಲೆ ಏಳನೆಯ ತಿಂಗಳಲ್ಲೋ ಒಂಬತ್ತನೆಯ ತಿಂಗಳಲ್ಲೋ ಮಗಳನ್ನು ಕರೆದೊಯ್ಯುತ್ತಾರೆ. ಬಾಣಂತನ ಮುಗಿಸಿ ಮಗುವಿನೊಡನೆ ಹಿಂದಿರುಗುವಾಗ ಐದಾರು ತಿಂಗಳು ಕಳೆದಿರುತ್ತವೆ. ತಾಯಿಯ ಆರೈಕೆ, ಎಣ್ಣೆನೀರು, ವಿಶ್ರಾಂತಿ ಇವೆಲ್ಲ ಬಾಣಂತಿಗೆ ಸಲ್ಲಬೇಕಾದವೇ, ಆ ಪದ್ಧತಿಯನ್ನು ನಾನು ಟೀಕಿಸುತ್ತಿಲ್ಲ. ಆದರೆ ತಂದೆಯಾಗಬೇಕಾದವನು ಆ ಅವಧಿಯಲ್ಲಿ ನಗರದ ಬಾಡಿಗೆ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಮೊದಲೇ ಅಂಜಿದ್ದವನಿಗೆ ಮತ್ತೆ ಬ್ರಹ್ಮಚಾರಿಯ ದಿನಚರಿ, ಕೈಯಲ್ಲಿ ಫೋನು, ‘ಹೆಣ್ಣುಮಕ್ಕಳ ವಿಷಯ, ನಿನಗೇಕೆ’ ಎಂಬ ಅತ್ತೆಮನೆಯವರ ಮಾತು. ಮಗು ಹುಟ್ಟಿದ ಸುದ್ದಿ ವಾಟ್ಸ್ಆ್ಯಪ್ ಚಿತ್ರವಾಗಿ ಬರುತ್ತದೆ. ಹೆಂಡತಿಗೂ ಈ ತಿಂಗಳುಗಳು ಸುಲಭವಲ್ಲ. ದೇಹ ಬದಲಾಗುತ್ತದೆ, ಹೆರಿಗೆಯ ನಂತರದ ಖಿನ್ನತೆ ಕಾಡಬಹುದು, ಆಗ ಗಂಡನ ಒಂದು ತಣ್ಣನೆಯ ಉತ್ತರವೂ ಬೆಟ್ಟವಾಗಿ ಕಾಣುತ್ತದೆ. ಇಲ್ಲಿ ನಡೆಯುವ ದ್ರೋಹಗಳಿಗೆ ಒಂಟಿತನ ಕ್ಷಮೆಯ ಕಾರಣವಾಗಲಾರದು. ಆದರೆ ತಡೆಯಬಹುದಾದ ಜಾಗ ಇದೇ. ವಾರಕ್ಕೊಮ್ಮೆಯಾದರೂ ಗಂಡನು ತವರಿಗೆ ಹೋಗಿ ಉಳಿಯಲಿ, ತಪಾಸಣೆಗೆ ಹೆಂಡತಿಯೊಡನೆ ಆಸ್ಪತ್ರೆಗೆ ಹೋಗಲಿ, ಮಗುವನ್ನು ಎತ್ತಿಕೊಳ್ಳಲು ಕಲಿಯಲಿ ಎಂದು ಎರಡೂ ಮನೆಯ ಹಿರಿಯರಿಗೆ ಹೇಳುವ ಅಧಿಕಾರ ನಮ್ಮ ಹಳ್ಳಿಗಳಲ್ಲಿ ಇನ್ನೂ ಗುರುಗಳಿಗೆ ಇದೆ. ಅದನ್ನು ಬಳಸಬೇಕು.

ದ್ರೋಹ ನಡೆದೇಹೋಗಿದ್ದರೆ? ಪಾಪನಿವೇದನೆಗೆ ಬಂದ ಗಂಡ ಅಥವಾ ಹೆಂಡತಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಇದನ್ನು ಅವಳಿಗೆ ಹೇಳಬೇಕೇ’ ಎಂಬುದು. ಹೇಳಲೇಬೇಕೆಂದು ಪ್ರಾಯಶ್ಚಿತ್ತವಾಗಿ ವಿಧಿಸುವುದು ಸರಿಯಲ್ಲವೆಂದು ನನ್ನ ನಿಲುವು. ಎಂಟನೆಯ ತಿಂಗಳ ಗರ್ಭಿಣಿಯ ಮೇಲೆ ತನ್ನ ಮನಸ್ಸಿನ ಭಾರವನ್ನು ಇಳಿಸಿ ತಾನು ಹಗುರಾಗುವುದು ಪಶ್ಚಾತ್ತಾಪದ ಹೆಸರಿನ ಇನ್ನೊಂದು ಸ್ವಾರ್ಥವಾಗಬಹುದು. ಆದರೆ ಇದಕ್ಕೊಂದು ಮಿತಿಯಿದೆ. ದೈಹಿಕ ಸಂಬಂಧ ನಡೆದಿದ್ದರೆ ಹೆಂಡತಿಯ ಮತ್ತು ಗರ್ಭದ ಶಿಶುವಿನ ಆರೋಗ್ಯದ ಪ್ರಶ್ನೆ ಏಳುತ್ತದೆ, ಆಗ ಆರನೆಯ ಆಜ್ಞೆಯ ಜೊತೆಗೆ ಐದನೆಯ ಆಜ್ಞೆಯೂ ಅಲ್ಲಿದೆ. ಎಚ್‌ಐವಿ ಮತ್ತು ಸಿಫಿಲಿಸ್ ತಾಯಿಯಿಂದ ಮಗುವಿಗೆ ಹರಡಬಲ್ಲವು. ಗರ್ಭಿಣಿಯರಿಗೆ ಆರಂಭದ ತಪಾಸಣೆಯಲ್ಲಿ ಇವುಗಳ ಪರೀಕ್ಷೆ ಆಗಿರುತ್ತದೆಂಬುದು ನಿಜ, ಆದರೆ ಅದಾದ ಮೇಲೆ ತಗುಲಿದ ಸೋಂಕನ್ನು ಆ ಪರೀಕ್ಷೆ ತೋರಿಸದು. ಆದುದರಿಂದ ತಾನು ಕೂಡಲೇ ಪರೀಕ್ಷೆ ಮಾಡಿಸಿಕೊಳ್ಳುವುದು, ಫಲಿತಾಂಶ ಬರುವ ತನಕ ದೈಹಿಕ ಸಂಪರ್ಕದಿಂದ ದೂರವಿರುವುದು, ಸೋಂಕಿದ್ದರೆ ವೈದ್ಯರ ಮೂಲಕವಾದರೂ ಹೆಂಡತಿಗೆ ತಿಳಿದು ಚಿಕಿತ್ಸೆ ದೊರೆಯುವಂತೆ ಮಾಡುವುದು ಆತನ ನೈತಿಕ ಕರ್ತವ್ಯವೆಂದು ಪಾಪನಿವೇದನೆ ಕೇಳುವ ಗುರು ಸ್ಪಷ್ಟವಾಗಿ ಹೇಳಬೇಕು. ಹೇಳುವುದು ಅಲ್ಲಿಯೇ, ಆಗಲೇ. ಪೀಠದಿಂದ ಎದ್ದ ಮೇಲೆ, ಅನುಮತಿಯಿಲ್ಲದೆ, ಅದೇ ವ್ಯಕ್ತಿಯೊಡನೆಯೂ ಆ ವಿಷಯವನ್ನು ಎತ್ತುವಂತಿಲ್ಲವೆಂಬುದು ನಿಮಗೆ ತಿಳಿದಿರುವುದೇ.

ದ್ರೋಹಕ್ಕೊಳಗಾದವರ ವಿಷಯದಲ್ಲಿ 1152ನೆಯ ವಿಧಿ ಎರಡು ಮಾತುಗಳನ್ನು ಒಟ್ಟಿಗೆ ಇಡುತ್ತದೆ. ಕ್ರೈಸ್ತ ಪ್ರೀತಿಯಿಂದ ಮತ್ತು ಕುಟುಂಬದ ಹಿತಕ್ಕಾಗಿ ಕ್ಷಮೆಯನ್ನು ನಿರಾಕರಿಸದಿರಲು ಅದು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತದೆ, ಆದರೆ ಕ್ಷಮಿಸದವರಿಗೆ ಬೇರೆ ವಾಸಿಸುವ ಹಕ್ಕನ್ನೂ ಮಾನ್ಯ ಮಾಡುತ್ತದೆ. ವಿಷಯ ತಿಳಿದ ಮೇಲೂ ಆರು ತಿಂಗಳು ಅಧಿಕಾರಿಗಳ ಮೊರೆಹೋಗದೆ ದಾಂಪತ್ಯ ನಡೆಸಿದರೆ ಮೌನವಾಗಿ ಕ್ಷಮಿಸಿದಂತೆಂದು ಊಹಿಸಲಾಗುತ್ತದೆ. ನಮ್ಮಲ್ಲಿ ಕ್ಷಮೆಯ ಉಪದೇಶ ಹೆಚ್ಚಾಗಿ ಹೆಂಡತಿಯ ಪಾಲಿಗೇ ಬರುತ್ತದೆಂಬುದನ್ನು ಒಪ್ಪಿಕೊಳ್ಳೋಣ. ಭಾರತದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯೂ 2001ರ ತಿದ್ದುಪಡಿಯ ತನಕ ಗಂಡನ ವ್ಯಭಿಚಾರವೊಂದನ್ನೇ ಹೆಂಡತಿಗೆ ಸಾಕಾದ ಕಾರಣವೆಂದು ಎಣಿಸಿರಲಿಲ್ಲ, ಗಂಡನಿಗಾದರೆ ಸಾಕಿತ್ತು. ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರಿನಲ್ಲಿ ದಂಡಸಂಹಿತೆಯ 497ನೆಯ ಕಲಮನ್ನು ರದ್ದುಪಡಿಸಿದಾಗ ‘ಇನ್ನು ವ್ಯಭಿಚಾರ ತಪ್ಪಲ್ಲ’ ಎಂದು ಯುವಜನರಲ್ಲಿ ಹರ್ಷವೋ ಗಾಬರಿಯೋ ಹರಡಿತು. ರದ್ದಾದದ್ದು ಹೆಣ್ಣನ್ನು ಗಂಡನ ಸ್ವತ್ತೆಂದು ಕಂಡ ಒಂದು ಅಪರಾಧ ಕಲಮು, ಅದಕ್ಕಾಗಿ ನಾವು ಮರುಗಬೇಕಾಗಿಲ್ಲ. ಹೆಂಡತಿಯ ನಿಷ್ಠೆಯನ್ನು ಬೇಡುವ ಅಳತೆಯಲ್ಲೇ ಗಂಡನ ನಿಷ್ಠೆಯನ್ನೂ ಬೇಡಬೇಕೆಂದು ಅಗಸ್ಟೀನರು ತಮ್ಮ ಬೋಧನೆಗಳಲ್ಲಿ ಗಂಡಂದಿರನ್ನು ಮುಖಕ್ಕೆ ಮುಖ ಗದರಿಸುತ್ತಿದ್ದರು.

ಮದುವೆಗೆ ಮೊದಲೇ ಗರ್ಭವಾದಾಗ

ಹುಡುಗಿ ಗರ್ಭಿಣಿಯಾಗಿದ್ದಾಳೆ, ಎರಡು ವಾರದಲ್ಲಿ ಮದುವೆ ಮಾಡಿಕೊಡಿ ಎಂದು ಹಿರಿಯರು ಬರುತ್ತಾರೆ. ಮಾನ ಉಳಿಸುವ ಆತುರ ಅರ್ಥವಾಗುವಂಥದ್ದೇ. ಆದರೆ ಬದ್ಧತೆಗೆ ಅಂಜುವವನನ್ನು ಈ ರೀತಿ ಪೀಠದ ಮುಂದೆ ತಂದು ನಿಲ್ಲಿಸಿದರೆ, ಹೊರಗಿನ ಒತ್ತಡದ ಭಯ ಮತ್ತು ಒಳಗಿನ ಭಯ ಎರಡೂ ಒಂದಾಗುತ್ತವೆ. ಇಬ್ಬರನ್ನೂ ಪ್ರತ್ಯೇಕವಾಗಿ, ತಂದೆತಾಯಿಯರಿಲ್ಲದೆ ಮಾತನಾಡಿಸಲೇಬೇಕು. ಸಂದೇಹವಿದ್ದರೆ ತಡೆದು ನಿಲ್ಲುವುದರಿಂದ ಮಗುವಿಗೆ ನಷ್ಟವಿಲ್ಲ. 1139ನೆಯ ವಿಧಿಯ ಪ್ರಕಾರ ಹುಟ್ಟಿದ ಮೇಲೆ ನಡೆಯುವ ತಂದೆತಾಯಿಯರ ವಿವಾಹವೂ ಮಗುವನ್ನು ಸಕ್ರಮಗೊಳಿಸುತ್ತದೆ. ಸ್ನಾನದೀಕ್ಷೆಯನ್ನು ಆ ಕಾರಣದಿಂದ ನಿರಾಕರಿಸುವಂತೆಯೂ ಇಲ್ಲ. ನಿಶ್ಚಿತಾರ್ಥದ ಮಾತು ಕೊಟ್ಟಿದ್ದಾನೆಂದು ಹುಡುಗನನ್ನು ಮದುವೆಗೆ ಬಲವಂತ ಮಾಡುವ ಹಕ್ಕು 1062ನೆಯ ವಿಧಿಯಂತೆ ಯಾರಿಗೂ ಇಲ್ಲ, ಹಾನಿಯಾಗಿದ್ದರೆ ಪರಿಹಾರ ಕೇಳಬಹುದಷ್ಟೆ. ಮದುವೆ ತಡವಾದರೂ ತಂದೆಯ ಹೊಣೆ ತಡವಾಗುವುದಿಲ್ಲವೆಂಬುದನ್ನು ಅದೇ ಭೇಟಿಯಲ್ಲಿ ಆತನಿಗೆ ತಿಳಿಸಬೇಕು. ಆಸ್ಪತ್ರೆಯ ಖರ್ಚು, ಆಕೆಯ ಊಟೋಪಚಾರ, ಮಗುವಿಗೆ ತನ್ನ ಹೆಸರು, ಇವು ಆತನ ಮೇಲೆ ಆ ದಿನದಿಂದಲೇ ಇವೆ.

ಕೊನೆಯದಾಗಿ ಒಂದು ಕಾರ್ಯಸಾಧ್ಯವಾದ ಸಲಹೆ. 867ನೆಯ ವಿಧಿಯು ಮಗುವಿನ ಸ್ನಾನದೀಕ್ಷೆಗಾಗಿ ತಂದೆತಾಯಿಯರು ಹುಟ್ಟಿದ ಕೂಡಲೇ, ಅಥವಾ ಹುಟ್ಟುವುದಕ್ಕೆ ಮುಂಚೆಯೇ, ತಮ್ಮ ಧರ್ಮಕೇಂದ್ರದ ಗುರುಗಳನ್ನು ಕಂಡು ಸಿದ್ಧತೆ ಪಡೆಯಬೇಕೆನ್ನುತ್ತದೆ. ‘ಹುಟ್ಟುವುದಕ್ಕೆ ಮುಂಚೆಯೇ’ ಎಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಗಂಡನ ಊರಿನ ಧರ್ಮಕೇಂದ್ರದಲ್ಲಿ, ಹೆಂಡತಿಯು ತವರಿಗೆ ಹೊರಡುವ ಮೊದಲು, ಇಬ್ಬರನ್ನೂ ಕರೆಸಿ ಒಂದು ಗಂಟೆ ಮಾತನಾಡಬಹುದು. ಆಶೀರ್ವಾದಗಳ ಗ್ರಂಥದಲ್ಲಿ ಹೆರಿಗೆಗೆ ಮುಂಚಿನ ತಾಯಿಗೆ ನೀಡುವ ಆಶೀರ್ವಾದದ ವಿಧಿಯಿದೆ, ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅದನ್ನು ನಡೆಸಬಹುದು. ಸ್ನಾನದೀಕ್ಷೆ ತವರಿನ ಧರ್ಮಕೇಂದ್ರದಲ್ಲಿ ನಡೆಯುವುದಾದರೆ ಅಲ್ಲಿಯ ಗುರುಗಳಿಗೆ ಒಂದು ಪತ್ರ ಬರೆದು, ಸಿದ್ಧತೆಯ ತರಗತಿಗೆ ತಂದೆಯೂ ಬರಬೇಕೆಂದು ಕೇಳಿಕೊಳ್ಳಬಹುದು. ಮಗುವಿಗೆ ಯಾವ ಹೆಸರನ್ನು ಯೋಚಿಸಿದ್ದೀರಿ ಎಂದು ಆ ಮೊದಲ ಭೇಟಿಯಲ್ಲಿಯೇ ಗಂಡನನ್ನು ಕೇಳಿರಿ. ಹೆಚ್ಚಿನವರು ಹೆಂಡತಿಯ ಮುಖ ನೋಡುತ್ತಾರೆ. ಸ್ವಲ್ಪ ಹೊತ್ತು ಕಾಯಿರಿ, ಉತ್ತರವನ್ನು ಅವನೇ ಹೇಳಲಿ.